ಆಕಾಶದಲ್ಲಿ ನಮ್ಮ ಪಾಲು

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರು ಯಾರಾದರೂ ಇದ್ದರೆ ಅವರನ್ನೊಂದು ಮಾತು ಕೇಳಿ ನೋಡಿರಿ. ಅವರ ಎಳೆತನದಲ್ಲಿ, ಬುಧವಾರ ರಾತ್ರಿ ಎಂಟು ತಾಸಿಗೆ, ಓಣಿಯ ರೇಡಿಯೋಗಳ ಮುಳ್ಳು ಯಾವ ಕಡೆಗೆ ತಿರುಗುತ್ತಿತ್ತು? ಬರುವ ಉತ್ತರ ಬಹುಮಟ್ಟಿಗೆ ಒಂದೇ: ಸಿಲೋನು. ಹುಬ್ಬಳ್ಳಿಯವರಿಗೆ ಧಾರವಾಡದ ನಿಲಯ ಇಪ್ಪತ್ತು ಕಿಲೋಮೀಟರಿನಲ್ಲಿತ್ತು. ಧಾರವಾಡದವರಿಗೆ ಊರೊಳಗೇ ಇತ್ತು. ಆದರೂ ಜನ ಅದನ್ನು ಬಿಟ್ಟು, ಸಮುದ್ರದಾಚೆಯ ಕೊಲಂಬೊದ ಧ್ವನಿಯನ್ನು ಶಾರ್ಟ್ ವೇವಿನ ಗರಗರ ಸದ್ದಿನೊಳಗಿಂದ ಹುಡುಕಿ ಹಿಡಿಯುತ್ತಿದ್ದರು. ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ 1952ರ ಡಿಸೆಂಬರಿನಲ್ಲಿ ಆರಂಭವಾದದ್ದೇ ತಡ, ಊರೂರುಗಳಲ್ಲಿ ಆ ಹೊತ್ತು ಹಿಂದೀ ಚಿತ್ರಗೀತೆಗೆ ಮೀಸಲಾಯಿತು. ಇದಕ್ಕೆ ಸಿಲೋನಿನವರ ಜಾಣತನ ಎಷ್ಟು ಕಾರಣವೋ, ದಿಲ್ಲಿಯ ಒಂದು ನಿಯಮವೂ ಅಷ್ಟೇ ಕಾರಣ.

ಈ ಹಳೆಯ ಕಥೆಯನ್ನು ಈಗ ತೆಗೆಯುವುದಕ್ಕೆ ಕಾರಣವಿದೆ. ಇಂದು ನಿಮ್ಮ ರೇಡಿಯೋದ ಪಕ್ಕದಲ್ಲಿಯೇ ಮೊಬೈಲು ಇದೆ, ಎದುರಿನ ಗೋಡೆಯ ಮೇಲೆ ಟಿವಿ ಇದೆ. ಬೇಡಿದ ಹೊತ್ತಿಗೆ ಬೇಡಿದ ಚಿತ್ರ, ಬೇಡಿದ ಹಾಡು ಅಂತರ್ಜಾಲದ ಮೇಲೆ ಹರಿದು ಬರುತ್ತದೆ. ಇದಕ್ಕೆ ಸ್ಟ್ರೀಮಿಂಗ್ ಎಂದೂ, ಇದನ್ನು ಒದಗಿಸುವ ಅಂಗಡಿಗಳಿಗೆ ಓಟಿಟಿ ಎಂದೂ ಹೆಸರು. ಆ ಅಂಗಡಿಗಳಲ್ಲಿ ದೊಡ್ಡವು ಹಲವು ಪರದೇಶದವು. ‘ನಮ್ಮ ನಾಡಿನ ಕೃತಿಗಳಿಗೆ ಅಲ್ಲಿ ಇಷ್ಟು ಪಾಲು ಇರಲೇಬೇಕು’ ಎಂದು ದೇಶದೇಶಗಳ ಸರಕಾರಗಳು ಕಾಯಿದೆ ಮಾಡತೊಡಗಿವೆ. ಇಂಥ ಕಾಯಿದೆಗಳಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ತಿಳಿಯಲು ಮೊದಲಿಗೇ ಯುರೋಪಿಗೆ ಹೋಗಬೇಕಾಗಿಲ್ಲ. ಧಾರವಾಡದ ನಿಲಯದ ಮೊದಲ ಎರಡು ದಶಕಗಳನ್ನು ನೋಡಿದರೆ ಅರ್ಧ ಉತ್ತರ ಸಿಕ್ಕುತ್ತದೆ.

ಕನ್ನಡ ನಾಡಿನಲ್ಲಿ ಬಾನುಲಿ ಹುಟ್ಟಿದ್ದು ಸರಕಾರದ ಕೈಯಿಂದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರ ಸಪ್ಟೆಂಬರ 10ರಂದು ತಮ್ಮ ಮನೆಯಿಂದಲೇ ಸಣ್ಣ ಪ್ರೇಷಕವೊಂದರ ಮೂಲಕ ಪ್ರಸಾರ ತೊಡಗಿದರು. ಅದಕ್ಕೆ ಅವರಿಟ್ಟ ಹೆಸರು ‘ಆಕಾಶವಾಣಿ’. ಆ ಹೆಸರನ್ನೇ ಮುಂದೆ ಇಡೀ ಭಾರತದ ಬಾನುಲಿ ತನ್ನದೆಂದು ಧರಿಸಿತು. 2023ರಲ್ಲಂತೂ ಇಂಗ್ಲಿಷು ಹೆಸರನ್ನು ಕೈಬಿಟ್ಟು ಅದೊಂದನ್ನೇ ಉಳಿಸಿಕೊಂಡಿತು. ಮೈಸೂರಿನ ಒಂದು ಮನೆಯ ಮಾತು ದಿಲ್ಲಿಯ ಮಾತಾಯಿತು. ದಿಲ್ಲಿಯ ಮಾತು ನಮ್ಮ ಮನೆಯದಾದ ಬಗೆ ಇಷ್ಟು ಸರಳವಾದುದಲ್ಲ.

ಧಾರವಾಡ ನಿಲಯ ತೆರೆದದ್ದು 1950ರ ಜನೆವರಿ 8ರಂದು. ಆಗ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಮುಂಬಯಿಯಲ್ಲಿ ಅಧಿಕಾರ, ಪುಣೆಯಲ್ಲಿ ವಿದ್ಯೆ, ರಂಗಭೂಮಿಯ ಮೇಲೆ ಮರಾಠಿ ನಾಟ್ಯಪದಗಳ ಸೊಗಸು. ಇವುಗಳ ನಡುವೆ ಕನ್ನಡಕ್ಕೆ ಒಂದು ಪ್ರೇಷಕ ದೊರೆತದ್ದು ಸಣ್ಣ ಸಂಗತಿಯಲ್ಲ. ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯಮಂತ್ರಿಯಾಗಿದ್ದವರು ಧಾರವಾಡದವರೇ ಆದ ರಂಗನಾಥ ದಿವಾಕರರು. ಕರ್ನಾಟಕದ ಏಕೀಕರಣವಾದದ್ದು 1956ರ ನವೆಂಬರ 1ಕ್ಕೆ. ಅಂದರೆ ನಾಡು ಕೂಡುವುದಕ್ಕೆ ಆರು ವರ್ಷ, ಹತ್ತು ತಿಂಗಳು ಮೊದಲೇ ನಮ್ಮ ಭಾಗದವರಿಗೆ ತಮ್ಮ ನುಡಿಯ ಒಂದು ನಿಲಯವಿತ್ತು.

ನಿಲಯಕ್ಕೆ ಎರಡು ವರ್ಷ ತುಂಬಿದಾಗ ದಿಲ್ಲಿಯಲ್ಲಿ ಮಂತ್ರಿಗಳು ಬದಲಾದರು. 1952ರಿಂದ 1962ರ ವರೆಗೆ ಆ ಖಾತೆ ಬಿ. ವಿ. ಕೇಸಕರರ ಕೈಯಲ್ಲಿತ್ತು. ಅವರು ಪ್ಯಾರಿಸಿನಲ್ಲಿ ಓದಿ ಬಂದವರು, ಶಾಸ್ತ್ರೀಯ ಸಂಗೀತದ ಕಟ್ಟಾ ಅಭಿಮಾನಿಗಳು. ಚಿತ್ರಗೀತೆಗಳಲ್ಲಿ ಪಾಶ್ಚಾತ್ಯ ಧಾಟಿಗಳು ಬೆರೆತು ದೇಶದ ಕಿವಿ ಕೆಡುತ್ತಿದೆಯೆಂಬುದು ಅವರ ನಂಬಿಕೆ. ಆಕಾಶವಾಣಿಯ ಕಾಲದಲ್ಲಿ ಚಿತ್ರಗೀತೆಗೆ ನೂರಕ್ಕೆ ಹತ್ತರ ಮಿತಿ ಹಾಕಿದರು. ಯಾವ ಹಾಡು ಯಾವ ಚಿತ್ರದ್ದೆಂದು ಹೇಳುವುದು ಜಾಹೀರಾತಾಗುತ್ತದೆಂದು ಚಿತ್ರದ ಹೆಸರನ್ನೂ ಬಿಡಿಸಿದರು. ಚಿತ್ರ ನಿರ್ಮಾಪಕರು ಸಿಟ್ಟಾದರು. ಹಾಡುಗಳ ಪ್ರಸಾರಕ್ಕೆ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು. ಹತ್ತು ಪಾಲಾದರೂ ಇರಬೇಕಾಗಿದ್ದ ಹಾಡು ಕೆಲವೇ ತಿಂಗಳುಗಳಲ್ಲಿ ಬಹುತೇಕ ಪೂರ್ತಿ ಮಾಯವಾಯಿತು.

ಮುಂದಿನದು ನಿಮಗೆ ಗೊತ್ತು. ಯುದ್ಧಕಾಲದಲ್ಲಿ ಸೈನಿಕರಿಗಾಗಿ ಕೊಲಂಬೊದಲ್ಲಿ ಕಟ್ಟಿದ ಬಲವಾದ ಪ್ರೇಷಕ ಅಲ್ಲಿ ಸಿದ್ಧವಾಗಿಯೇ ಇತ್ತು. ಜಾಹೀರಾತಿನವರು ಅತ್ತ ಹೋದರು, ಹಾಡುಗಳು ಅತ್ತ ಹೋದವು, ಕೇಳುವವರೂ ಅತ್ತ ಹೋದರು. ಹತ್ತು ರೇಡಿಯೋಗಳಲ್ಲಿ ಒಂಬತ್ತು ಸಿಲೋನಿಗೆ ತಿರುಗಿವೆ, ಹತ್ತನೆಯದು ಕೆಟ್ಟಿದೆ ಎಂಬ ವಿನೋದದ ಮಾತು ಆ ಕಾಲದ್ದು. ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸನ್ಸಿನ ಹಣ ಕಟ್ಟಿದ ಮನೆಯವರು ಆ ಹಣದಿಂದ ನಡೆಯುತ್ತಿದ್ದ ನಿಲಯವನ್ನು ಬಿಟ್ಟು ಇನ್ನೊಂದು ದೇಶದ ನಿಲಯವನ್ನು ಕೇಳುತ್ತಿದ್ದರು. ಐದು ವರ್ಷದ ಮೇಲೆ, 1957ರ ಅಕ್ಟೋಬರ 3ರಂದು, ಸರಕಾರವೇ ‘ವಿವಿಧ ಭಾರತಿ’ಯನ್ನು ತೆರೆದು ಚಿತ್ರಗೀತೆಯನ್ನು ಮರಳಿ ಕರೆತರಬೇಕಾಯಿತು. ಇದನ್ನು ಹೇಳಿ ಕೇಸಕರರನ್ನು ನಗುವುದು ಇಂದು ಸುಲಭ. ಕಥೆ ಹೇಳುವವರು ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ. ನಾನು ನಿಲ್ಲಿಸಲಾರೆ, ಏಕೆಂದರೆ ಧಾರವಾಡದಿಂದ ನೋಡಿದರೆ ಅದರಲ್ಲಿ ಬೇರೆ ಎರಡು ಸಂಗತಿಗಳು ಕಾಣುತ್ತವೆ.

ಮೊದಲನೆಯದು ಪೇಟಿಯದು. ಹಾರ್ಮೋನಿಯಂ ಪರದೇಶದ ವಾದ್ಯ, ಅದರ ಸ್ವರಗಳು ನಮ್ಮ ಶ್ರುತಿಗೆ ಒಗ್ಗುವುದಿಲ್ಲ, ಅದರಲ್ಲಿ ಮೀಂಡು ಬಾರದು ಎಂದು 1940ರ ಮಾರ್ಚಿನಿಂದಲೇ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಇದು ಕೇಸಕರರಿಗಿಂತ ಮುಂಚಿನ, ಬ್ರಿಟಿಷರ ಕಾಲದ ಕಟ್ಟಳೆ. ಅವರ ಕಾಲದಲ್ಲಿಯೂ ಹಾಗೆಯೇ ನಡೆಯಿತು. ಶಾಸ್ತ್ರದ ಮಾತು ಸುಳ್ಳಲ್ಲ. ಆದರೆ ನಮ್ಮ ಕಡೆ ಪೇಟಿ ಇಲ್ಲದ ಭಜನೆ ಎಲ್ಲಿದೆ? ಕಂಪನಿ ನಾಟಕದ ನಟ ಕಾಲುಪೆಟ್ಟಿಗೆಯ ಸ್ವರ ಕೇಳಿದ ಹೊರತು ಪದ ಎತ್ತುತ್ತಿರಲಿಲ್ಲ. ಮಠದ ಪುರಾಣ, ಊರ ಜಾತ್ರೆಯ ಆಟ, ಸಂಗೀತದ ಶಾಲೆ, ಎಲ್ಲದರಲ್ಲಿಯೂ ಪೇಟಿಯೇ. ಬೆಳಗಾವಿಯ ರಾಮಭಾವು ವಿಜಾಪುರೆಯವರಂಥವರು ಅದನ್ನೇ ಒಂದು ಜೀವಮಾನದ ಸಾಧನೆ ಮಾಡಿಕೊಂಡಿದ್ದರು. ಊರಿಗೆಲ್ಲ ತನ್ನದಾದ ಈ ವಾದ್ಯ ಊರಿನ ನಿಲಯದೊಳಗೆ ಮಾತ್ರ ಪರದೇಶಿಯಾಯಿತು. 1970ರ ದಶಕದ ಆರಂಭದಲ್ಲಿ ಈ ನಿರ್ಬಂಧ ಸಡಿಲಾಗಿ ಪಕ್ಕವಾದ್ಯವಾಗಿ ಒಳಗೆ ಬರುವ ತನಕ ಮೂವತ್ತು ವರ್ಷ ಕಳೆದವು.

ಸ್ವದೇಶಿ ಯಾವುದೆಂದು ಯಾರು ಹೇಳಬೇಕು? ದಿಲ್ಲಿಯಲ್ಲಿ ಕುಳಿತು ಬರೆದ ನಿಯಮದಲ್ಲಿ ‘ನಮ್ಮದು’ ಎಂಬ ಪದಕ್ಕೆ ದಿಲ್ಲಿಯ ಅರ್ಥವಿರುತ್ತದೆ. ಚಿತ್ರಗೀತೆಯ ವಿಷಯದಲ್ಲಿಯೂ ಹಾಗೆಯೇ. 1950ರ ದಶಕದ ಮೊದಲಲ್ಲಿ ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ಅವೂ ಹೆಚ್ಚಾಗಿ ಮದರಾಸಿನಲ್ಲಿ ತಯಾರಾಗುತ್ತಿದ್ದವು. ನಿಯಮ ತಡೆದದ್ದು ಮುಖ್ಯವಾಗಿ ಹಿಂದೀ ಹಾಡನ್ನು. ಅದರಿಂದ ತೆರವಾದ ಹೊತ್ತು ಕನ್ನಡಕ್ಕೆ ಸಿಕ್ಕಬಹುದಾಗಿತ್ತು, ಸಿಕ್ಕದೆಯೂ ಇರಬಹುದಾಗಿತ್ತು. ನಿಯಮದಲ್ಲಿ ಅದರ ಮಾತೇ ಇರಲಿಲ್ಲ.

ಆದರೆ ಸಿಕ್ಕಿತು. ಎರಡನೆಯ ಸಂಗತಿ ಇದು. ಸಿಕ್ಕಿದ್ದು ತಡೆಯಿಂದಲ್ಲ, ಧಾರವಾಡದಲ್ಲಿ ಒಂದು ಸ್ಟುಡಿಯೋ ಇತ್ತು, ಅದರಲ್ಲಿ ಕನ್ನಡಿಗರಿಗೆ ಕೆಲಸವಿತ್ತು, ಆ ಕೆಲಸಕ್ಕೆ ಸಂಬಳವಿತ್ತು ಎಂಬುದರಿಂದ. ಮಲ್ಲಿಕಾರ್ಜುನ ಮನಸೂರರು ನಿಲಯದ ಸಂಗೀತ ಸಲಹೆಗಾರರಾದರು. ದ. ರಾ. ಬೇಂದ್ರೆಯವರು 1956ರಿಂದ ಸಲಹೆಗಾರರಾಗಿ ಬಂದರು. ವಿನೋದಕ್ಕೆ ಹೆಸರಾದ ಎನ್ಕೆ ನಿಲಯದೊಳಗೆ ಕುಳಿತು ಕೆಲಸ ಮಾಡಿದರು. ಚಿತ್ರಗೀತೆಯ ಜಾಗದಲ್ಲಿ ಇಡುವುದಕ್ಕೆಂದು ಆಕಾಶವಾಣಿ ನಿಲಯಗಳಲ್ಲಿ ಸುಗಮ ಸಂಗೀತದ ವಿಭಾಗಗಳನ್ನು ತೆರೆಯಿತು. ದಿಲ್ಲಿಯ ಕಣ್ಣಿನಲ್ಲಿ ಅದೊಂದು ಬದಲಿ ಸರಕು. ಇಲ್ಲಿ ಅದಕ್ಕೆ ಭಾವಗೀತೆ ಸಿಕ್ಕಿತು, ವಚನ ಸಿಕ್ಕಿತು, ದಾಸರ ಪದ ಸಿಕ್ಕಿತು. ಪುಸ್ತಕದಲ್ಲಿದ್ದ ಕವಿತೆ ಅಡಿಗೆಮನೆಯ ತನಕ ಬಂತು. ಲಾವಣಿಯವರು, ಗೀಗೀ ಮೇಳದವರು, ಪಾರಿಜಾತದವರು ಕರಾರು ಪತ್ರ ಹಿಡಿದು ಹಳ್ಳಿಯಿಂದ ಧಾರವಾಡದ ಬಸ್ಸು ಹತ್ತಿದರು. ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಆರಂಭವಾದದ್ದು ಅದೇ 1952ರಲ್ಲಿ. ನಮ್ಮ ಗಾಯಕರನ್ನು ದೇಶವೆಲ್ಲ ಒಂದೇ ಹೊತ್ತಿಗೆ ಕೇಳಲು ಅದು ದಾರಿಯಾಯಿತು. ಕಲಾವಿದರನ್ನು ಪರೀಕ್ಷಿಸಿ ದರ್ಜೆ ಹಚ್ಚುವ ಏರ್ಪಾಡಿನಿಂದ ಕೆಲವು ಹಿರಿಯರಿಗೆ ನೋವಾದದ್ದೂ ನಿಜ; ನಲವತ್ತು ವರ್ಷ ಹಾಡಿದವರನ್ನು ಪರೀಕ್ಷೆಗೆ ಕೂಡಿಸುವುದು ನಮ್ಮ ಪದ್ಧತಿಯಲ್ಲ. ಆದರೂ ‘ರೇಡಿಯೋ ಕಲಾವಿದ’ ಎಂಬ ಮಾತಿಗೆ ಆ ಭಾಗದ ಮದುವೆ ಪತ್ರಿಕೆಯಲ್ಲಿಯೂ ಒಂದು ಬೆಲೆ ಬಂತು.

ಹತ್ತರ ಮಿತಿಯನ್ನು ಇಂದು ಯಾರೂ ನೆನೆಯುವುದಿಲ್ಲ. ಆ ಸ್ಟುಡಿಯೋದಲ್ಲಿ ತಯಾರಾದ ಕೆಲಸ ಉಳಿದಿದೆ.

ತಡೆಗೋಡೆ ಕಟ್ಟಿ ಕೆಲಸ ಮರೆತರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಉದಾಹರಣೆ ನೋಡಿರಿ. ಹಾಲಿವುಡ್ಡಿನ ಚಿತ್ರಗಳಿಂದ ತಮ್ಮ ಉದ್ಯಮ ಮುಳುಗುತ್ತಿದೆಯೆಂದು 1927ರಲ್ಲಿ ಅಲ್ಲಿಯ ಸರಕಾರ ಕಾಯಿದೆ ಮಾಡಿತು: ಹಂಚಿಕೆದಾರರೂ ಚಿತ್ರಮಂದಿರದವರೂ ಇಷ್ಟು ಪಾಲು ಬ್ರಿಟಿಷ್ ಚಿತ್ರಗಳನ್ನು ತೆಗೆದುಕೊಳ್ಳಲೇಬೇಕು. ಅಮೇರಿಕದ ಕಂಪನಿಗಳು ಜಾಣರು. ಲೆಕ್ಕ ತುಂಬಲೆಂದೇ ಕೈಗೆ ಬಂದಷ್ಟು ಅಗ್ಗದಲ್ಲಿ, ಕೆಲವೇ ದಿನಗಳಲ್ಲಿ ಚಿತ್ರ ತೆಗೆಯಿಸಿದವು. ಕಸಗುಡಿಸುವವರ ಹೊರತು ಯಾರೂ ಇಲ್ಲದ ಮುಂಜಾನೆಯ ಹೊತ್ತಿನಲ್ಲಿ ಅವನ್ನು ತೋರಿಸಿ ಕೈತೊಳೆದುಕೊಂಡರೆಂದು ಹೇಳುತ್ತಾರೆ. 1938ರ ಹೊಸ ಕಾಯಿದೆಯಲ್ಲಿ ಕನಿಷ್ಠ ಇಷ್ಟು ವೆಚ್ಚ ಮಾಡಿದ ಚಿತ್ರವಾಗಿರಬೇಕೆಂದು ಸೇರಿಸಬೇಕಾಯಿತು. ಕೆನಡಾದ್ದೂ ಇಂಥದೇ ಕಥೆ. ಗಡಿಯಾಚೆಯ ಅಮೇರಿಕದ ರೇಡಿಯೋಗಳು ಅವರಿಗೆ ನಮ್ಮ ಸಿಲೋನಿದ್ದಂತೆ. 1971ರ ಜನೆವರಿಯಿಂದ ಅಲ್ಲಿಯ ನಿಲಯಗಳ ಸಂಗೀತದಲ್ಲಿ ನೂರಕ್ಕೆ ಮೂವತ್ತು ಕೆನಡಾದ್ದೇ ಇರಬೇಕೆಂದಾಯಿತು. ಮೊದಲಿಗೆ ಹಲವು ನಿಲಯಗಳು ಆ ಹಾಡುಗಳನ್ನು ಜನ ಮಲಗಿದ ಮೇಲೆ ಹಾಕಿ ಲೆಕ್ಕ ತುಂಬಿದವು. ಆದರೆ ಕೆನಡಾದವರು ಎರಡು ಕಡೆ ನಮಗಿಂತ ಜಾಗರೂಕರು. ಹಾಡು ತಮ್ಮದೆಂದು ಗುರುತಿಸಲು ಅವರು ನಾಲ್ಕು ಪ್ರಶ್ನೆ ಕೇಳುತ್ತಾರೆ: ರಾಗ ಹಾಕಿದವರು ಯಾರು, ಹಾಡಿದವರು ಯಾರು, ಎಲ್ಲಿ ಧ್ವನಿಮುದ್ರಣವಾಯಿತು, ಸಾಹಿತ್ಯ ಯಾರದು. ಎರಡಕ್ಕಾದರೂ ಉತ್ತರ ಕೆನಡಾ ಎಂದು ಬರಬೇಕು. ಎರಡನೆಯದು ಹೆಚ್ಚು ಮಹತ್ವದ್ದು. ಅಲ್ಲಿಯ ಫ್ರೆಂಚ್ ನಿಲಯಗಳಿಗೆ ಬೇರೆಯೇ ನಿಯಮ. ಹಾಡುಗಳಲ್ಲಿ ನೂರಕ್ಕೆ ಅರವತ್ತೈದು ಫ್ರೆಂಚಿನವೇ ಆಗಬೇಕು. ‘ಕೆನಡಾದ್ದು’ ಎಂದಷ್ಟೇ ಬರೆದಿದ್ದರೆ ಇಂಗ್ಲಿಷಿನ ಹಾಡುಗಳೇ ಆ ಪಾಲನ್ನೆಲ್ಲ ತುಂಬಿಬಿಡುತ್ತಿದ್ದವೆಂಬುದು ಅವರಿಗೆ ತಿಳಿದಿತ್ತು.

ಇನ್ನು ಸ್ಟ್ರೀಮಿಂಗಿಗೆ ಬರೋಣ. ರೇಡಿಯೋಕ್ಕೆ ದಿನದಲ್ಲಿ ಇಷ್ಟೇ ತಾಸು. ಅದರಲ್ಲಿ ಹತ್ತು ಪಾಲು, ಮೂವತ್ತು ಪಾಲು ಎಂದು ಅಳೆಯಬಹುದು. ಈ ಪತ್ರಿಕೆಯ ಕಾರ್ಯಕ್ರಮದ ಪುಟವನ್ನು ತೆರೆದರೆ ಯಾವ ಹೊತ್ತಿಗೆ ಏನೆಂದು ನಿಮಗೂ ನಿಮ್ಮ ಪಕ್ಕದ ಮನೆಯವರಿಗೂ ಒಂದೇ ರೀತಿ ಕಾಣುತ್ತದೆ. ಓಟಿಟಿಯಲ್ಲಿ ಹೊತ್ತಿಲ್ಲ. ನಿಮಗೆ ಕಾಣುವ ಪುಟವೇ ಪಕ್ಕದವರಿಗೆ ಕಾಣುವುದೂ ಇಲ್ಲ. ನೀವು ಹಿಂದೆ ನೋಡಿದ್ದನ್ನು ಲೆಕ್ಕ ಹಾಕಿ ಯಂತ್ರ ಅಂಗಡಿಯನ್ನು ಜೋಡಿಸುತ್ತದೆ. ಆದುದರಿಂದ ಯುರೋಪಿನ ಒಕ್ಕೂಟ 2018ರಲ್ಲಿ ಮಾಡಿದ ನಿಯಮದಲ್ಲಿ ಸಂಗ್ರಹದ ನೂರಕ್ಕೆ ಮೂವತ್ತು ಯುರೋಪಿನ ಕೃತಿಗಳಿರಬೇಕೆಂದು ಹೇಳಿ ಸುಮ್ಮನಾಗದೆ, ಅವು ಕಣ್ಣಿಗೆ ಬೀಳುವಂತೆಯೂ ಇರಬೇಕೆಂದು ಸೇರಿಸಿದೆ. ಫ್ರಾನ್ಸ್ ಇನ್ನೂ ಮುಂದೆ ಹೋಗಿ 2021ರಲ್ಲಿ, ದೊಡ್ಡ ಕಂಪನಿಗಳು ಅಲ್ಲಿ ಗಳಿಸಿದ್ದರಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನಾದರೂ ಫ್ರೆಂಚ್ ಮತ್ತು ಯುರೋಪಿನ ಕೃತಿಗಳ ತಯಾರಿಕೆಗೆ ಹಾಕಬೇಕೆಂದು ವಿಧಿಸಿತು. ಕೆನಡಾ 2023ರ ಏಪ್ರಿಲಿನಲ್ಲಿ ಹೊಸ ಕಾಯಿದೆ ಮಾಡಿತು. ಮರುವರ್ಷ ಅಲ್ಲಿಯ ಪ್ರಸಾರ ಆಯೋಗ ದೊಡ್ಡ ಕಂಪನಿಗಳ ಆದಾಯದಲ್ಲಿ ನೂರಕ್ಕೆ ಐದನ್ನು ನಾಡಿನ ಕೃತಿಗಳಿಗೆ ಕೊಡಬೇಕೆಂದಿತು. ಕೆಲವು ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಹೋಗದೆ ಬಿಟ್ಟಾರೆಯೇ!

ಭಾರತದಲ್ಲಿ 2021ರ ಫೆಬ್ರವರಿಯಲ್ಲಿ ಬಂದ ನಿಯಮಗಳು ಓಟಿಟಿಗಳಿಗೆ ನೀತಿಸಂಹಿತೆಯನ್ನೂ ವಯಸ್ಸಿಗೆ ತಕ್ಕ ವರ್ಗೀಕರಣವನ್ನೂ ವಿಧಿಸಿದವು. ಯಾವ ಭಾಷೆಗೆ ಎಷ್ಟು ಪಾಲು ಎಂಬ ಮಾತು ಅವುಗಳಲ್ಲಿಲ್ಲ. ‘ಭಾರತೀಯ ಕೃತಿಗಳಿಗೆ ಇಷ್ಟು’ ಎಂದು ನಾಳೆ ಬರೆದರೂ ಧಾರವಾಡದವರಿಗೆ ಅದರಿಂದ ಆಗುವುದು ಸ್ವಲ್ಪವೇ. ಹಿಂದೀ ಕೃತಿಗಳಿಂದಲೇ ಅದು ತುಂಬಿ ಹೋದೀತು. ‘ಕನ್ನಡಕ್ಕೆ ಇಷ್ಟು’ ಎಂದು ಬರೆದರೂ ಪ್ರಶ್ನೆ ತೀರುವುದಿಲ್ಲ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವ ಡಬ್ಬಿಂಗನ್ನು ನಮ್ಮಲ್ಲಿ 1960ರ ದಶಕದಿಂದ, ಅ. ನ. ಕೃಷ್ಣರಾಯರೇ ಮೊದಲಾದವರ ಚಳವಳಿಯ ಫಲವಾಗಿ, ಚಿತ್ರೋದ್ಯಮದವರೇ ತಡೆದಿದ್ದರು. ಅದು ಸರಕಾರದ ಕಾಯಿದೆಯಲ್ಲ, ತಮ್ಮತಮ್ಮೊಳಗಿನ ಕಟ್ಟು. 2015ರಲ್ಲಿ ಸ್ಪರ್ಧಾ ಆಯೋಗ ಅದು ಕಾನೂನಿಗೆ ವಿರುದ್ಧವೆಂದಿತು. ಈಗ ಓಟಿಟಿಯ ‘ಕನ್ನಡ’ ಎಂಬ ಸಾಲಿನಲ್ಲಿ ತೆಲುಗು, ತಮಿಳು, ಹಿಂದೀ, ಇಂಗ್ಲಿಷು ಚಿತ್ರಗಳು ಕನ್ನಡ ಮಾತನಾಡುತ್ತ ನಿಂತಿವೆ. ಮಕ್ಕಳು ಕನ್ನಡದಲ್ಲಿ ಕೇಳುತ್ತಾರೆಂಬ ಸಮಾಧಾನ ನನಗೂ ಉಂಟು. ಅದನ್ನು ತಡೆಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಅವುಗಳನ್ನು ಎಣಿಸಿ ‘ಕನ್ನಡದ ಪಾಲು ತುಂಬಿತು’ ಎಂದರೆ ಒಪ್ಪಲಾಗದು. ಕೆನಡಾದವರ ನಾಲ್ಕು ಪ್ರಶ್ನೆಗಳು ಬೇಕಾಗುವುದು ಇಲ್ಲಿಯೇ.

ಕನ್ನಡದಲ್ಲಿ ಹೊಸದಾಗಿ ಮಾಡಿದವರ ಪಾಡನ್ನು ‘ಏಕಂ’ ಎಂಬ ಕಥಾಮಾಲಿಕೆಯಿಂದ ತಿಳಿಯಬಹುದು. ಕರಾವಳಿಯ ಏಳು ಕಥೆಗಳು. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ನಿರ್ಮಿಸಿದ್ದು. ಕೊಳ್ಳುವ ಓಟಿಟಿ ಸಿಕ್ಕದೆ, 2024ರ ಜುಲೈನಲ್ಲಿ ತಮ್ಮದೇ ಜಾಲತಾಣ ತೆರೆದು 149 ರೂಪಾಯಿಗೆ ಅದನ್ನು ತೋರಿಸಬೇಕಾಯಿತು. ಹೆಸರುಳ್ಳ ನಟನೊಬ್ಬ ಬೆನ್ನಿಗಿದ್ದವರ ಮಾತು ಇದಾದರೆ, ಹುಬ್ಬಳ್ಳಿಯ ಮಾತಿನಲ್ಲಿ, ಹುಬ್ಬಳ್ಳಿಯ ಹುಡುಗರೇ ಕೂಡಿ ತೆಗೆದ ಕಥೆಗೆ ಬಾಗಿಲು ಎಲ್ಲಿದೆ?

ಆ ಬಾಗಿಲನ್ನು ಸರಕಾರ ತೆರೆಯಬಹುದೆಂಬ ಆಸೆ ಈಗ ಹುಟ್ಟಿದೆ. ಕೇರಳ ಸರಕಾರ 2024ರ ಮಾರ್ಚಿನಲ್ಲಿ ‘ಸಿ ಸ್ಪೇಸ್’ ಎಂಬ ತನ್ನದೇ ಓಟಿಟಿಯನ್ನು ತೆರೆಯಿತು. ಅದೇ ವರ್ಷದ ನವೆಂಬರಿನಲ್ಲಿ ಪ್ರಸಾರ ಭಾರತಿಯ ‘ವೇವ್ಸ್’ ಬಂತು. ಕರ್ನಾಟಕದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು 2025ರ ಮಾರ್ಚ್ 7ರ ಮುಂಗಡಪತ್ರದಲ್ಲಿ ಕನ್ನಡ ಚಿತ್ರಗಳಿಗಾಗಿ ರಾಜ್ಯದ ಓಟಿಟಿಯೊಂದನ್ನು ಕಟ್ಟುವುದಾಗಿ ಘೋಷಿಸಿದರು. ಸಹಾಯಧನ ಪಡೆದು ಡಬ್ಬಿಯಲ್ಲಿ ಉಳಿದ ಚಿತ್ರಗಳನ್ನು ತಂದು ಒಟ್ಟುವ ಉಗ್ರಾಣವಾದರೆ ಅದನ್ನು ತೆರೆದು ನೋಡುವವರು ಯಾರು? ಬ್ರಿಟನ್ನಿನ ಮುಂಜಾನೆಯ ಆಟದಂತೆಯೇ ಆದೀತು. 1950ರಲ್ಲಿ ಧಾರವಾಡಕ್ಕೆ ಬಂದದ್ದು ಬರಿಯ ಪ್ರೇಷಕವಲ್ಲ. ಕೆಲಸ ಹೇಳುವವರು, ಕೆಲಸ ಮಾಡುವವರು, ವಾರಕ್ಕಿಷ್ಟು ಹೊಸದು ಎಂಬ ಕಟ್ಟು, ತಿಂಗಳಿಗೊಂದು ಚೆಕ್ಕು, ಎಲ್ಲವೂ ಕೂಡಿ ಬಂದವು. ಬೆಂಗಳೂರಿನಲ್ಲಿ ಕಟ್ಟುವ ಓಟಿಟಿಯ ಹಣದಲ್ಲಿ ಹುಬ್ಬಳ್ಳಿ-ಧಾರವಾಡದ ಒಂದು ಸ್ಟುಡಿಯೋಕ್ಕೆ, ಕಲಬುರ್ಗಿಯ ಒಂದು ತಂಡಕ್ಕೆ, ಮಂಗಳೂರಿನ ಇನ್ನೊಂದಕ್ಕೆ ವರ್ಷಕ್ಕಿಷ್ಟೆಂದು ಮೊದಲೇ ಬರೆದಿಡಬೇಕು. ಇಂಥ ಬರಹಕ್ಕೆ ಊರಲ್ಲಿಯೇ ಮಾದರಿಯಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಸಮುದಾಯ ಬಾನುಲಿ ಆರಂಭವಾಯಿತು. ಅಂಥ ನಿಲಯಗಳಿಗೆ ಕೇಂದ್ರ ಸರಕಾರ 2006ರಲ್ಲಿ ಹಾಕಿದ ಷರತ್ತು ಇದು: ಕಾರ್ಯಕ್ರಮದ ಅರ್ಧವಾದರೂ ಆ ಸ್ಥಳದ ಜನರು ಕೂಡಿ ಮಾಡಿದ್ದಾಗಿರಬೇಕು. ‘ನಮ್ಮದು’ ಎಂಬ ಪದಕ್ಕೆ ಈ ಒಂದು ಕಾಗದದಲ್ಲಿ ದಿಲ್ಲಿಯವರು ಊರಿನ ಅರ್ಥವನ್ನೇ ಬರೆದರು.

ಇಂದು ರಾತ್ರಿ ಊಟದ ಮೇಲೆ ಒಂದು ಕೆಲಸ ಮಾಡಿರಿ. ನಿಮ್ಮ ಮೊಬೈಲಿನ ಓಟಿಟಿಯನ್ನು ತೆರೆದು ಭಾಷೆಯನ್ನು ಕನ್ನಡವೆಂದು ಆಯ್ದುಕೊಳ್ಳಿರಿ. ಮೊದಲು ಕಾಣುವ ಇಪ್ಪತ್ತು ಚಿತ್ರಗಳಲ್ಲಿ ಕನ್ನಡದಲ್ಲಿಯೇ ತಯಾರಾದವು ಎಷ್ಟು, ಅವುಗಳಲ್ಲಿ ತುಂಗಭದ್ರೆಯ ಉತ್ತರಕ್ಕಿರುವ ಊರಿನ ಮಾತು ಕೇಳಿಬರುವವು ಎಷ್ಟು, ಎಣಿಸಿರಿ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಕೂಡಿಸಿಕೊಂಡು ಎಣಿಸಿದರೆ ಇನ್ನೂ ಚೆನ್ನ. ಆ ಎರಡು ಅಂಕಿಗಳನ್ನು ಒಂದು ಕಾರ್ಡಿನ ಮೇಲೆ ಬರೆದು, ಕೇಳುಗರ ಪತ್ರಗಳ ವಿಭಾಗಕ್ಕೆ ಎಂದು ವಿಳಾಸ ಹಾಕಿ, ನಿಲಯಕ್ಕೆ ಕಳಿಸಿಕೊಡಿರಿ.